ಕುಂಕುಮದ ಡಬ್ಬಿಯಲ್ಲಿ ನಾಲ್ಕು ಫ್ಯೂಸು: ಒಂದು ಬ್ಲೋವರ್ ಮೋಟರಿನ ಪ್ರಕರಣ

ಕಾರಿನ ಜೊತೆ ಮೇಡಂ ಒಂದು ಕುಂಕುಮದ ಡಬ್ಬಿ ತಂದಿದ್ದರು. ಒಳಗೆ ನಾಲ್ಕು ಹಳದಿ ಫ್ಯೂಸು, ನಾಲ್ಕೂ ಸತ್ತವು. ಜೊತೆಗೆ ಒಂದು ಚೀಟಿ, ಅದರಲ್ಲಿ ನಾಲ್ಕು ತಾರೀಖು. ಅವರು ಗಿರಿನಗರದವರು, ನಿವೃತ್ತ ಗಣಿತ ಟೀಚರ್. ಲೆಕ್ಕ ಬರೆದಿಡೋದು ಬಿಟ್ಟುಹೋಗದ ಅಭ್ಯಾಸ. ಆ ಚೀಟಿಯನ್ನು ನಾನು ಮೊದಲೇ ನೆಟ್ಟಗೆ ಓದಿದ್ದರೆ ಅರ್ಧ ದಿನ ಉಳಿಯುತ್ತಿತ್ತು. ಓದಲಿಲ್ಲ. ಅದನ್ನೂ ಇಲ್ಲಿ ಮುಚ್ಚಿಡದೆ ಹೇಳುತ್ತೇನೆ.

ಬೆಂಗಳೂರಿನ ಹನುಮಂತನಗರದಲ್ಲಿ ನನ್ನದೊಂದು ಚಿಕ್ಕ ಆಟೋ ಎಲೆಕ್ಟ್ರಿಕಲ್ ಅಂಗಡಿ. ಕೆಲಸ ಕಲಿತಿದ್ದು ಕಲಾಸಿಪಾಳ್ಯದಲ್ಲಿ. ಮಳೆಗಾಲ ಶುರುವಾದರೆ ನನ್ನ ಹತ್ತಿರ ಬರುವ ಕಾರುಗಳಲ್ಲಿ ವೈಪರ್, ಹಾರ್ನ್, ಬ್ಲೋವರ್ (ಕಾರಿನೊಳಗೆ ಗಾಳಿ ಊದುವ ಫ್ಯಾನು) ಈ ಮೂರೇ ಜಾಸ್ತಿ.

ಇದು ಹನ್ನೊಂದು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಕ್ಯಾಬಿನ್ ಫಿಲ್ಟರ್ ಇಲ್ಲದ ಕೆಳಗಿನ ಮಾಡೆಲ್. ಬ್ಲೋವರ್‌ಗೆ 0ಯಿಂದ 4ರವರೆಗೆ ತಿರುಗಿಸುವ ನಾಬ್. ಮೇಡಂ ಹೇಳಿದ ಕಥೆ ಹೀಗಿತ್ತು. ಏಪ್ರಿಲ್‌ನಲ್ಲಿ ಮೊದಲ ಮಾವಿನ ಮಳೆ ಬಿದ್ದ ಮೇಲೆ, ಬೆಳಗ್ಗೆ ಬ್ಲೋವರ್ ಹಾಕಿದರೆ ಒಂದೆರಡು ನಿಮಿಷ ಕೀಚ್ ಕೀಚ್ ಅನ್ನುತ್ತಿತ್ತು. ಆಮೇಲೆ ತಾನೇ ಸುಮ್ಮನಾಗುತ್ತಿತ್ತು. ಮೇ ಎರಡನೇ ವಾರ 1, 2, 3 ಮೂರೂ ಸ್ಪೀಡು ಒಟ್ಟಿಗೆ ಹೋದವು. 4 ಮಾತ್ರ ಉಳಿಯಿತು. ಬಿಸಿಲು ಜಾಸ್ತಿ ಇತ್ತು, ಹೇಗೂ 4ರಲ್ಲೇ ಇಡ್ತಿದ್ದೆ ಅಂತ ಹಾಗೇ ಓಡಿಸಿದರು. ವಾರದೊಳಗೆ ಮೊದಲ ಫ್ಯೂಸು ಹೋಯಿತು. ಮನೆ ಹತ್ತಿರದ ಗ್ಯಾರೇಜಿನವರು ಹೊಸದು ಹಾಕಿಕೊಟ್ಟರು. ಅದೂ ಹೋಯಿತು. ಎರಡನೇ ಗ್ಯಾರೇಜಿನವರು ಬ್ಲೋವರಿನ ಸ್ಪೀಡು ತಗ್ಗಿಸುವ ರೆಸಿಸ್ಟರ್ ಬದಲಾಯಿಸಿದರು. ನಾಲ್ಕೂ ಸ್ಪೀಡು ವಾಪಸ್ ಬಂದವು. ಹದಿನೆಂಟು ದಿನ ಏನೂ ತೊಂದರೆ ಇರಲಿಲ್ಲ.

ಜೂನ್‌ನಲ್ಲಿ ಜಡಿಮಳೆ. ಗಾಜಿನ ಮೇಲೆ ಮಂಜು ಕೂರುತ್ತೆ ಅಂತ 4ರಲ್ಲಿ ಇಟ್ಟುಕೊಂಡು ಹೋಗುವಾಗ ಕತ್ತರಿಗುಪ್ಪೆ ಹತ್ತಿರ ಒಂದು ಹಂಪ್ ದಾಟಿದ ಕೂಡಲೇ ಮೂರನೆಯದು ಹಾರಿತು. ಹೊಸದು ಹಾಕಿದ ಮರುದಿನ ಬೆಳಗ್ಗೆ ನಾಲ್ಕನೆಯದು. ಮೂರನೇ ಗ್ಯಾರೇಜಿನಲ್ಲಿ ಯಾರೋ ಜಾಣರು ಹಳದಿ ತೆಗೆದು ಹಸಿರು ಹಾಕಿದರು. ಅಂದರೆ 20 ಆಂಪಿನ ಜಾಗಕ್ಕೆ 30. ಫ್ಯೂಸು ಹೋಗೋದು ನಿಂತಿತು. ಎರಡನೇ ದಿನ ಕಾರಿನೊಳಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಮೇಡಂ ಹೆದರಿ ಬ್ಲೋವರ್ ಆಫ್ ಮಾಡಿ, ಕಿಟಕಿ ಇಳಿಸಿಕೊಂಡು, ಅರ್ಧ ನೆನೆದುಕೊಂಡೇ ನನ್ನ ಅಂಗಡಿಗೆ ಬಂದರು.

ಹಂಪ್ ಅನ್ನೋ ಮಾತು ನನ್ನ ತಲೆ ಕೆಡಿಸಿತು

ಹಂಪ್ ಮೇಲೆ ಫ್ಯೂಸು ಹಾರಿತು ಅಂದರೆ ನಮ್ಮ ಕಸುಬಿನವರ ತಲೆಗೆ ಮೊದಲು ಬರೋದು ಬಾಡಿ ಶಾರ್ಟ್. ಎಲ್ಲೋ ವೈರು ಉಜ್ಜಿ ಸವೆದಿದೆ, ಗಾಡಿ ಕುಲುಕಿದಾಗ ಕಬ್ಬಿಣಕ್ಕೆ ತಾಗುತ್ತಿದೆ ಅಂತ. ನಾನೂ ಅದನ್ನೇ ನಂಬಿದೆ.

ಶಾರ್ಟ್ ಹುಡುಕೋದಕ್ಕೆ ಹಳೆಯ ಉಪಾಯ ಒಂದಿದೆ. ಫ್ಯೂಸಿನ ಜಾಗದಲ್ಲಿ ಹೆಡ್‌ಲೈಟಿನ 55 ವ್ಯಾಟ್ ಬಲ್ಬಿಗೆ ಎರಡು ವೈರು ಕಟ್ಟಿ ಸಿಕ್ಕಿಸೋದು. ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತೆ, ಆದರೆ ಸುಮಾರು ನಾಲ್ಕೂವರೆ ಆಂಪಿಗಿಂತ ಜಾಸ್ತಿ ಕರೆಂಟು ಹರಿಯೋದಿಲ್ಲ. ಫ್ಯೂಸು ಸುಡುತ್ತಾ ಕೂರಬೇಕಾಗಿಲ್ಲ. ವೈರನ್ನು ಅಲ್ಲಾಡಿಸುತ್ತಾ ಹೋದರೆ, ಬಲ್ಬು ಎಲ್ಲಿ ಆರುತ್ತೋ ಅಲ್ಲೇ ತೊಂದರೆ.

30ರ ಫ್ಯೂಸು ಕಿತ್ತು ಬಲ್ಬು ಹಾಕಿದೆ. ಇಗ್ನಿಷನ್ ಆನ್, ನಾಬ್ 4. ಬಲ್ಬು ಝಗ್ ಅಂತ ಉರಿಯಿತು. ಬ್ಲೋವರ್ ತಿರುಗಲಿಲ್ಲ. ಸಿಕ್ಕಿಬಿತ್ತು ಅಂದುಕೊಂಡೆ. ಗ್ಲೋವ್ ಬಾಕ್ಸ್ ಇಳಿಸಿದೆ, ಡ್ಯಾಶ್‌ಬೋರ್ಡ್ ಕೆಳಗಿನ ಕವರ್ ಬಿಚ್ಚಿದೆ, ಫ್ಯೂಸ್ ಬಾಕ್ಸಿನಿಂದ ಮೋಟರಿನವರೆಗೆ ವೈರಿನ ಕಟ್ಟನ್ನು ಗೇಣು ಗೇಣಾಗಿ ನೋಡಿದೆ. ಒಂದು ಕಡೆ ಟೇಪು ಸವೆದು ಬ್ರಾಕೆಟ್ಟಿಗೆ ಒರಗಿತ್ತು. ಆಹಾ ಅಂದೆ. ಟೇಪು ಬಿಚ್ಚಿ ನೋಡಿದರೆ ಒಳಗಿನ ವೈರಿಗೆ ಒಂದು ಗೀರೂ ಇಲ್ಲ. ಮಧ್ಯಾಹ್ನದವರೆಗೆ ಹೀಗೇ ಕಳೆಯಿತು. ಏನು ಅಲ್ಲಾಡಿಸಿದರೂ ಬಲ್ಬು ಆರಲೇ ಇಲ್ಲ.

ಊಟ ಮಾಡುವಾಗ ಮೇಡಂ ಕೊಟ್ಟಿದ್ದ ಚೀಟಿ ಕೈಗೆ ಬಂತು. ಬರೀ ತಾರೀಖು ಇರಬೇಕು ಅಂದುಕೊಂಡಿದ್ದೆ. ಪ್ರತಿ ತಾರೀಖಿನ ಮುಂದೆ ಎರಡೆರಡು ಮಾತು ಇದ್ದವು. ಒಂದನೆಯದು: ಮಧ್ಯಾಹ್ನ, ಜಯನಗರಕ್ಕೆ ಹೋಗುವಾಗ, ಹೊರಟು ಕಾಲು ಗಂಟೆ ಆಗಿತ್ತು. ಎರಡನೆಯದು: ಸಂಜೆ, ಸಿಗ್ನಲ್ಲಿನಲ್ಲಿ ನಿಂತಾಗ, ಸುಮಾರು ಹನ್ನೆರಡು ನಿಮಿಷ. ಮೂರನೆಯದು: ಮಳೆ, ಹಂಪ್, ಹತ್ತು ನಿಮಿಷ. ನಾಲ್ಕನೆಯದು: ಬೆಳಗ್ಗೆ, ರಾತ್ರಿಯಿಡೀ ಮಳೆ, 4ಕ್ಕೆ ತಿರುಗಿಸಿದ ಎರಡು ಮೂರು ಸೆಕೆಂಡಿಗೇ.

ಅನ್ನ ಕಲಸುತ್ತಿದ್ದ ಕೈ ನಿಂತಿತು. ಮೂರು ಸಲ ಹತ್ತು ಹದಿನೈದು ನಿಮಿಷ ಓಡಿ ಹೋಗಿದೆ. ಶಾರ್ಟ್ ಎಲ್ಲಿಯಾದರೂ ಹತ್ತು ನಿಮಿಷ ಕಾಯುತ್ತಾ? ಮೇಡಂಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: "ಬ್ಲೋವರ್ ಆಫ್ ಇದ್ದಾಗ ಯಾವತ್ತಾದರೂ ಈ ಫ್ಯೂಸು ಹೋಗಿದ್ಯಾ?" "ಇಲ್ಲಪ್ಪ, ಯಾವಾಗಲೂ 4ರಲ್ಲೇ" ಅಂದರು. ಬೆಳಗ್ಗೆ ಅವರು ಕಾರು ಬಿಡುವಾಗಲೇ ಕೇಳಬೇಕಾಗಿದ್ದ ಪ್ರಶ್ನೆ ಇದು.

ಯಾಕೆ ಅಂತ ಹೇಳುತ್ತೇನೆ. ಈ ಕಾರಿನಲ್ಲಿ ಬ್ಲೋವರಿನ ಸ್ವಿಚ್ಚು ಅರ್ತ್ ಕಡೆ, ಅಂದರೆ ಮೋಟರ್ ದಾಟಿ ಬಾಡಿಗೆ ಸೇರುವ ಕಡೆ ಇದೆ. ಬ್ಯಾಟರಿಯ ಪಾಸಿಟಿವ್ ರಿಲೇ ದಾಟಿ, ಫ್ಯೂಸು ದಾಟಿ, ನೇರ ಮೋಟರಿಗೆ ಬರುತ್ತೆ. ಮೋಟರಿನ ಇನ್ನೊಂದು ತುದಿಯಿಂದ ರೆಸಿಸ್ಟರ್, ಸ್ವಿಚ್ಚು, ಕೊನೆಗೆ ಬಾಡಿ. ಸುಮಾರು ಕಾರುಗಳಲ್ಲಿ ಹೀಗೇ ಇರುತ್ತೆ. ಗೊತ್ತುಮಾಡಿಕೊಳ್ಳೋದು ಸುಲಭ: ಇಗ್ನಿಷನ್ ಆನ್ ಮಾಡಿ, ನಾಬ್ 0ಯಲ್ಲಿಟ್ಟು, ಮೋಟರಿನ ಕಪ್ಲರ್ (ವೈರು ಸಿಕ್ಕಿಸುವ ಪ್ಲಗ್ಗು) ಬಿಚ್ಚದೆ ಅದರ ಎರಡೂ ಪಿನ್ನಿಗೆ ಮೀಟರ್ ಮುಟ್ಟಿಸಿ. ಎರಡರಲ್ಲೂ 12 ವೋಲ್ಟ್ ತೋರಿಸಿದರೆ ಸ್ವಿಚ್ಚು ಅರ್ತ್ ಕಡೆ ಇದೆ ಅಂತ ಲೆಕ್ಕ.

ಇದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಫ್ಯೂಸಿನಿಂದ ಮೋಟರಿನವರೆಗಿನ ವೈರಿಗೆ ಇಗ್ನಿಷನ್ ಆನ್ ಇದ್ದಷ್ಟು ಹೊತ್ತೂ ಕರೆಂಟು ಬಂದಿರುತ್ತೆ. ಅದು ಬಾಡಿಗೆ ತಾಗಿದರೆ ನಾಬ್ 0ಯಲ್ಲಿದ್ದರೂ ಫ್ಯೂಸು ಹೋಗಲೇಬೇಕು. ಮೋಟರ್ ದಾಟಿದ ಮೇಲಿನ ವೈರು ಬಾಡಿಗೆ ತಾಗಿದರೆ? ಫ್ಯೂಸು ಹೋಗೋದಿಲ್ಲ. ಸ್ವಿಚ್ಚು ಮುಟ್ಟದೆ ಬ್ಲೋವರ್ ಫುಲ್ ಸ್ಪೀಡಲ್ಲಿ ತಿರುಗುತ್ತೆ, ಅಷ್ಟೇ. ರೆಸಿಸ್ಟರ್ ಕೆಟ್ಟರೂ ಅದರಿಂದ ಫ್ಯೂಸು ಹೋಗಲ್ಲ. ಹಾಗಾಗಿ ಎರಡನೇ ಗ್ಯಾರೇಜಿನವರು ರೆಸಿಸ್ಟರ್ ಬದಲಾಯಿಸಿದ್ದು ಬೇರೆ ಕಾಯಿಲೆಗೆ ಔಷಧಿ.

ಹಾಗಾದರೆ ನನ್ನ ಬಲ್ಬು ಯಾಕೆ ಝಗ್ ಅಂದಿತು? ಉರಿಯುವಾಗ ಆ ಬಲ್ಬಿನ ರೆಸಿಸ್ಟೆನ್ಸು (ಕರೆಂಟಿಗೆ ಒಡ್ಡುವ ತಡೆ) ಎರಡೂವರೆ ಓಮ್‌ಗಿಂತ ಸ್ವಲ್ಪ ಜಾಸ್ತಿ. ತಿರುಗದೆ ನಿಂತ ಬ್ಲೋವರ್ ಮೋಟರಿನದ್ದು ಒಂದು ಓಮ್ ಕೂಡ ಇರಲ್ಲ. ಎರಡನ್ನೂ ಸಾಲಾಗಿ ಕಟ್ಟಿದರೆ ವೋಲ್ಟೇಜಿನ ದೊಡ್ಡ ಪಾಲು ಬಲ್ಬಿಗೇ ಹೋಗುತ್ತೆ. ಮೋಟರ್ ಪಾಪ ಅಲ್ಲಾಡೋದೂ ಇಲ್ಲ. ಸರಿಯಿರುವ ಮೋಟರ್ ಇದ್ದರೂ ಬಲ್ಬು ಹೆಚ್ಚುಕಡಿಮೆ ಹಾಗೇ ಉರಿಯುತ್ತೆ. ಇಪ್ಪತ್ತು ವರ್ಷ ಕೆಲಸ ಮಾಡಿದವನಿಗೆ ಇದು ಗೊತ್ತಿಲ್ಲವಾ ಅಂತ ಕೇಳಿದರೆ, ಗೊತ್ತಿತ್ತು. ಹಂಪ್ ಅನ್ನೋ ಮಾತು ಕಿವಿಯಲ್ಲಿ ಕೂತಿತ್ತು, ಕಣ್ಣು ಅದಕ್ಕೆ ಬೇಕಾದ್ದನ್ನೇ ನೋಡಿತು.

ಊಟದ ಕೈ ತೊಳೆದು ಬಂದು ನಾಬನ್ನು 0ಗೆ ತಿರುಗಿಸಿದೆ. ಬಲ್ಬು ಆರಿತು. ಮತ್ತೆ 4ಕ್ಕೆ ಇಟ್ಟು ಮೋಟರಿನ ಕಪ್ಲರ್ ಎಳೆದೆ. ಬಲ್ಬು ಆರಿತು. ವೈರಿನ ಕಟ್ಟನ್ನು ಹಿಡಿದು ಜಗ್ಗಾಡಿದೆ, ಹುಡುಗನನ್ನು ಕಾರಿನ ಬಂಪರ್ ಮೇಲೆ ಹತ್ತಿಸಿ ಕುಣಿಸಿದೆ. ಬಲ್ಬು ಮಿಣುಕ್ಕನ್ನಲಿಲ್ಲ. ವೈರಿಂಗ್ ಮೇಲಿದ್ದ ಆರೋಪ ಅಲ್ಲಿಗೆ ವಜಾ.

ಇನ್ನೊಂದು ಸಾಕ್ಷಿಯೂ ಡಬ್ಬಿಯಲ್ಲೇ ಇತ್ತು. ನಾಲ್ಕು ಫ್ಯೂಸುಗಳನ್ನು ಬೆಳಕಿಗೆ ಹಿಡಿದೆ. ನೇರ ಶಾರ್ಟಿಗೆ ಹಾರಿದ ಫ್ಯೂಸಿನಲ್ಲಿ ಒಳಗಿನ ತಂತಿ ಆವಿಯಾಗಿ ಪ್ಲಾಸ್ಟಿಕ್ ಮೇಲೆ ಕಪ್ಪು ಮಸಿ, ಲೋಹದ ಚುಕ್ಕಿ ಮೆತ್ತಿಕೊಂಡಿರುತ್ತೆ. ಇವು ಹಾಗಿರಲಿಲ್ಲ. ಮೂರರಲ್ಲಿ ತಂತಿ ನಡುವೆ ಮೆತ್ತಗೆ ಕರಗಿ ಒಂದು ಸಣ್ಣ ಸಂದು ಬಿದ್ದಿತ್ತು. ನಾಲ್ಕನೆಯದರಲ್ಲಿ ಸಂದು ಸ್ವಲ್ಪ ದೊಡ್ಡದು, ಮಸಿ ಮಾತ್ರ ಇಲ್ಲ. ಮೂರು ನಿಧಾನಕ್ಕೆ ಕಾದು ಕರಗಿದವು. ಒಂದು ಬೇಗ ಕರಗಿದ್ದು.

ಕ್ಲ್ಯಾಂಪ್ ಮೀಟರ್ ಹೇಳಿದ್ದು

ಇನ್ನು ಉಳಿದಿದ್ದು ಮೋಟರ್ ಎಷ್ಟು ಕರೆಂಟು ಎಳೆಯುತ್ತಿದೆ ಅಂತ ಅಳೆಯೋದು. ಸಾಮಾನ್ಯ ಮಲ್ಟಿಮೀಟರಲ್ಲಿ ಇದನ್ನು ಮಾಡೋಕೆ ಹೋಗಬೇಡಿ. ಅದರ ಮಿತಿ 10 ಆಂಪ್, ಅದರ ಫ್ಯೂಸು ಹೋಗುತ್ತೆ. ವೈರಿನ ಸುತ್ತ ಹಾಕುವ ಕ್ಲ್ಯಾಂಪ್ ಮೀಟರ್ ಬೇಕು, ಅದೂ ಡಿಸಿ, ಅಂದರೆ ಬ್ಯಾಟರಿಯ ಕರೆಂಟು ಅಳೆಯೋದು. ಮನೆ ವೈರಿಂಗಿನವರು ಇಟ್ಟುಕೊಳ್ಳುವ ಕಮ್ಮಿ ಬೆಲೆಯ ಕ್ಲ್ಯಾಂಪು ಎಸಿ, ಅಂದರೆ ಮನೆಯ ಕರೆಂಟು ಮಾತ್ರ ಅಳೆಯುತ್ತೆ, ಕಾರಿನ ವೈರಿಗೆ ಹಾಕಿದರೆ ಸೊನ್ನೆ ತೋರಿಸುತ್ತೆ. ಎಸ್.ಪಿ. ರೋಡಿನಲ್ಲಿ ಕೊಳ್ಳುವಾಗ ಡಿಸಿ ಅಂತ ಎರಡು ಸಲ ಕೇಳಿ. ಕಾರಿನ ಎಸಿ ಚೆಕ್ ಮಾಡೋಕೆ ಎಸಿ ಮೀಟರೇ ಸಾಕು ಅಂತ ನನಗೇ ಒಬ್ಬ ಮಾರಲು ನೋಡಿದ್ದ.

ಎಂಜಿನ್ ಸ್ಟಾರ್ಟ್ ಮಾಡಿ, ಹೊಸ 20ರ ಫ್ಯೂಸು ಹಾಕಿ, ನಾಬ್ 4ಕ್ಕೆ ತಂದೆ. ಬ್ಲೋವರ್ ಎದ್ದಿತು, ಆದರೆ ಸೋಮಾರಿಯಾಗಿ. ಮೊದಲ ನಿಮಿಷ 19 ಆಂಪ್. ಇದೇ ಮಾದರಿಯ ಇನ್ನೊಂದು ಕಾರು ಹಾರ್ನ್ ಕೆಲಸಕ್ಕೆ ಬಂದು ನಿಂತಿತ್ತು, ಅದರಲ್ಲಿ ಅಳೆದರೆ 12.8. ಈ ಕಡೆ ಮೀಟರ್ ಏರುತ್ತಾ ಹೋಯಿತು. ಮೂರನೇ ನಿಮಿಷಕ್ಕೆ 21. ಆರನೇ ನಿಮಿಷಕ್ಕೆ 24. ಒಂಬತ್ತಕ್ಕೆ 26. ಗಾಳಿ ಕಮ್ಮಿಯಾಗುತ್ತಿದ್ದದ್ದು ಕೈಗೇ ಗೊತ್ತಾಗುತ್ತಿತ್ತು. ಆಫ್ ಮಾಡಬೇಕು ಅಂದುಕೊಳ್ಳುವಷ್ಟರಲ್ಲಿ, ಹನ್ನೊಂದನೇ ನಿಮಿಷಕ್ಕೆ, ಫ್ಯೂಸು ಹೋಯಿತು. ಐದನೆಯದು ನನ್ನ ಖಾತೆಗೆ.

ಫ್ಯೂಸು ಅಂದರೆ 20 ದಾಟಿದ ಕ್ಷಣ ಹಾರುತ್ತೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. ಕಾರಿನ ಬ್ಲೇಡ್ ಫ್ಯೂಸುಗಳಿಗೆ ಐಎಸ್‌ಒ 8820 ಅನ್ನೋ ಒಂದು ಅಳತೆ ಇದೆ. ಅದರ ಪ್ರಕಾರ ಬರೆದ ಆಂಪಿಗಿಂತ ಶೇ. 10 ಜಾಸ್ತಿ ಹರಿದರೆ ಫ್ಯೂಸು 100 ಗಂಟೆ ತಡೆಯಬೇಕು. ಶೇ. 35 ಜಾಸ್ತಿಯಾದರೆ ಮುಕ್ಕಾಲು ಸೆಕೆಂಡಿನಿಂದ 10 ನಿಮಿಷದೊಳಗೆ ಹೋಗಬೇಕು. ಎರಡು ಪಟ್ಟಾದರೆ ಐದು ಸೆಕೆಂಡಿನೊಳಗೆ. 20ರ ಫ್ಯೂಸಿಗೆ ಶೇ. 35 ಸೇರಿಸಿದರೆ 27 ಆಂಪ್. ನಮ್ಮ ಮೋಟರ್ ಅದರ ಹೊಸ್ತಿಲಲ್ಲೇ ನಿಂತಿತ್ತು. ಈಗ ಮೇಡಂ ಚೀಟಿಯ ಸಾಲುಗಳನ್ನು ಇದರ ಪಕ್ಕ ಇಟ್ಟು ನೋಡಿ. ಮೊದಲ ಮೂರು ಸಲದ ಹತ್ತು ಹದಿನೈದು ನಿಮಿಷ ಅಲ್ಲಿಂದ ಬಂದದ್ದು. ಹಂಪ್ ಸುಮ್ನೆ ದಾರಿಯಲ್ಲಿ ಸಿಕ್ಕಿತು ಅಷ್ಟೇ.

ನಾಲ್ಕನೆಯದು ಬೇರೆ. ಎರಡು ಮೂರು ಸೆಕೆಂಡು ಅಂದರೆ 40 ಆಂಪೋ ಅದಕ್ಕಿಂತ ಜಾಸ್ತಿಯೋ ಹರಿದಿರಬೇಕು. ಮೋಟರ್ ತಿರುಗುತ್ತಿದ್ದರೆ ಅಷ್ಟು ಎಳೆಯಲ್ಲ. ತಿರುಗುವಾಗ ಮೋಟರ್ ತಾನೇ ಎದುರು ವೋಲ್ಟೇಜು ಹುಟ್ಟಿಸುತ್ತೆ, ಅದು ಕರೆಂಟಿಗೆ ಕಡಿವಾಣ. ನಿಂತುಬಿಟ್ಟರೆ ಕಡಿವಾಣ ಇಲ್ಲ. ರಾತ್ರಿಯ ಮಳೆ ಕಳೆದ ಆ ಬೆಳಗ್ಗೆ ಮೋಟರ್ ಕಚ್ಚಿಕೊಂಡಿತ್ತು.

ಮಳೆ ಬಂದರೆ ಡ್ಯಾಶ್‌ಬೋರ್ಡಿನೊಳಗಿನ ಮೋಟರ್ ಯಾಕೆ ಕಚ್ಚಿಕೊಳ್ಳಬೇಕು?

ಮೋಟರ್ ಇಳಿಸಿದೆ. ಎಡಗಡೆ ಗ್ಲೋವ್ ಬಾಕ್ಸ್ ಹಿಂದೆ, ಮೂರು ಸ್ಕ್ರೂ. ಗ್ಲೋವ್ ಬಾಕ್ಸ್ ಬೆಳಗ್ಗೆಯೇ ಇಳಿಸಿದ್ದೆನಲ್ಲ, ಆ ಶ್ರಮ ಇಲ್ಲಿ ಉಪಯೋಗಕ್ಕೆ ಬಂತು. ಫ್ಯಾನನ್ನು ಬೆರಳಿನಿಂದ ತಿರುಗಿಸಿದರೆ ಕಾಲು ಸುತ್ತಿಗೇ ನಿಂತಿತು. ಒಳ್ಳೆಯ ಮೋಟರಾದರೆ ಒಂದೆರಡು ಸುತ್ತು ಹೋಗುತ್ತೆ. ಫ್ಯಾನಿನ ರೆಕ್ಕೆಗಳ ನಡುವೆ ಕಪ್ಪಗೆ ಕೊಳೆತ ಎಲೆಯ ಹಿಟ್ಟು, ಅದೂ ಒಂದೇ ಕಡೆ ಜಾಸ್ತಿ. ಶಾಫ್ಟಿನ ಬುಡದಲ್ಲಿ ಕೆಂಪು ತುಕ್ಕು. ಬಿಚ್ಚಿ ನೋಡಿದರೆ ಶಾಫ್ಟು ಕೂತು ತಿರುಗುವ ಬುಷ್ ಒಣಗಿ ತುಕ್ಕಿನ ಪುಡಿ ತುಂಬಿಕೊಂಡಿದೆ, ಒಳಗೆ ಕರೆಂಟು ಮುಟ್ಟಿಸುವ ಕಾರ್ಬನ್ ಸವೆದು ಅರ್ಧಕ್ಕಿಂತ ಕಮ್ಮಿ, ಆ ಕಾರ್ಬನ್ ಉಜ್ಜುವ ಕಮ್ಯುಟೇಟರಿನ ಎರಡು ಪಟ್ಟಿ ಸುಟ್ಟು ಕಪ್ಪಾಗಿವೆ. ಒದ್ದೆಯಾದಾಗ ಬುಷ್ ಕಚ್ಚಿಕೊಳ್ಳುತ್ತಿತ್ತು, ಒಣಗಿದಾಗ ಎಳೆದುಕೊಂಡು ತಿರುಗುತ್ತಿತ್ತು. ಏಪ್ರಿಲ್‌ನ ಕೀಚ್ ಕೀಚ್ ಇದೇ.

ನೀರು ಎಲ್ಲಿಂದ? ಬಾನೆಟ್ ಎತ್ತಿ, ವೈಪರ್ ಕೆಳಗಿನ ಪ್ಲಾಸ್ಟಿಕ್ ಗ್ರಿಲ್ ಮೇಲೆ ಒಂದು ಮಗ್ ನೀರು ಸುರಿದೆ. ಗಾಜಿನಿಂದ ಇಳಿದ ಮಳೆನೀರು ಆ ಗ್ರಿಲ್ ಒಳಗೆ ಬಿದ್ದು, ಪಕ್ಕದ ತೂತಿನಿಂದ ಚಕ್ರದ ಹಿಂದೆ ಸುರಿದು ಹೋಗಬೇಕು. ಬ್ಲೋವರ್ ಹೊರಗಾಳಿ ಎಳೆಯೋದೂ ಅದೇ ಜಾಗದಿಂದ. ಚಕ್ರದ ಹತ್ತಿರ ಒಂದು ಹನಿ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗೆ, ಮೋಟರ್ ಕೂರುವ ತೂತಿನಿಂದ, ಟಪ್ ಟಪ್ ಅಂತ ನೀರು ಕಾರ್ಪೆಟ್ಟಿಗೆ ಬೀಳತೊಡಗಿತು. ಕಾರ್ಪೆಟ್ ಎತ್ತಿದರೆ ಕೆಳಗಿನ ಸ್ಪಂಜು ಮೊದಲೇ ಒದ್ದೆ, ಮುಗ್ಗಲು ವಾಸನೆ.

ಗ್ರಿಲ್ ಬಿಚ್ಚಿದೆ. ಗುಲ್‌ಮೊಹರ್ ಎಲೆ. ಮೇಡಂ ಮನೆ ಮುಂದೆ ದೊಡ್ಡ ಗುಲ್‌ಮೊಹರ್ ಇದೆ, ಕಾರು ದಿನಾ ಅದರ ಕೆಳಗೆ. ಆ ಮರದ ಒಂದೊಂದು ಎಲೆಯೂ ನೂರಾರು ಪುಟ್ಟ ಚೂರು. ಹೊಂಗೆ ಎಲೆಯಾದರೆ ಗ್ರಿಲ್ ಮೇಲೇ ನಿಲ್ಲುತ್ತೆ, ಕೈಯಲ್ಲಿ ಗುಡಿಸಬಹುದು. ಗುಲ್‌ಮೊಹರ್ ಎಲೆ ಗ್ರಿಲ್ಲಿನ ಸಂದಿಯಲ್ಲಿ ಅಕ್ಕಿ ಜರಡಿ ಹಿಡಿದ ಹಾಗೆ ಇಳಿಯುತ್ತೆ. ನೆನೆದು ಮೆತ್ತಿಕೊಂಡರೆ ಗೊಬ್ಬರ. ಅಂಥ ಗೊಬ್ಬರ ಎರಡು ಬೊಗಸೆ ಬಂತು. ನೀರು ಹೋಗುವ ತೂತು ಅದರ ಕೆಳಗೆಲ್ಲೋ ಹೂತುಹೋಗಿತ್ತು. ಮರವನ್ನು ದೂರೋಕೆ ಮನಸ್ಸು ಬರಲ್ಲ. ಮೇ ತಿಂಗಳಲ್ಲಿ ಆ ಬೀದಿ ನೋಡಿದವರಿಗೆ ಗೊತ್ತು.

ಈಗ ರೆಸಿಸ್ಟರಿನ ಸಾವನ್ನೂ ಲೆಕ್ಕಕ್ಕೆ ತರಬಹುದು. 1, 2, 3ರಲ್ಲಿ ಕರೆಂಟು ರೆಸಿಸ್ಟರ್ ಮೂಲಕ ಹೋಗುತ್ತೆ. ಮೋಟರ್ ಕಚ್ಚಿಕೊಂಡಿದ್ದರೂ ರೆಸಿಸ್ಟರ್ ಅಡ್ಡ ಇರೋದರಿಂದ ಫ್ಯೂಸು ಹೋಗುವಷ್ಟು ಕರೆಂಟು ಹರಿಯಲ್ಲ. ಆದರೆ ರೆಸಿಸ್ಟರ್ ಕಾಯುತ್ತೆ. ಅದನ್ನು ತಣ್ಣಗಿಡೋದು ಬ್ಲೋವರಿನದೇ ಗಾಳಿ, ಬ್ಲೋವರ್ ನಿಂತರೆ ಆ ಗಾಳಿಯೂ ಇಲ್ಲ. ಕಾದು ಕಾದು ಅದರ ಮೇಲಿನ ಥರ್ಮಲ್ ಫ್ಯೂಸು (ಬಿಸಿ ಮಿತಿಮೀರಿದರೆ ಕಡಿದುಹೋಗುವ ಫ್ಯೂಸು) ಬಿಟ್ಟುಕೊಳ್ಳುತ್ತೆ, ಕೆಳಗಿನ ಮೂರೂ ಸ್ಪೀಡು ಒಟ್ಟಿಗೆ ಹೋಗುತ್ತವೆ. ಮೇನಲ್ಲಿ ಆಗಿದ್ದು ಇದು. ಆಮೇಲೆ ಮೇಡಂಗೆ 4 ಬಿಟ್ಟರೆ ಬೇರೆ ಗತಿ ಇರಲಿಲ್ಲ, 4ರಲ್ಲಿ ರೆಸಿಸ್ಟರ್ ಅಡ್ಡ ಇಲ್ಲ, ಹಾಗಾಗಿ ಫ್ಯೂಸು ಹಾರೋಕೆ ಶುರುವಾಯಿತು. ಹೊಸ ರೆಸಿಸ್ಟರ್ ಬಂದ ಮೇಲೆ ಅವರು 2ರಲ್ಲಿ ಓಡಿಸಿದರು, ಹದಿನೆಂಟು ದಿನ ಸುಖ. ರಿಪೇರಿ ಸರಿಯಾಯಿತು ಅಂತ ಗ್ಯಾರೇಜಿನವರು ನಂಬಿದ್ದರಲ್ಲಿ ಆಶ್ಚರ್ಯ ಇಲ್ಲ. ಮಳೆ ಬಂದು ಮತ್ತೆ 4ಕ್ಕೆ ಹೋದಾಗ ಹಳೆಯ ಕಥೆ ಮುಂದುವರಿಯಿತು.

30ರ ಫ್ಯೂಸು ಮಾಡಿಹೋದ ಕೆಲಸ

ರೆಸಿಸ್ಟರ್ ಹಾಕಿದವರನ್ನು ನಾನು ಕ್ಷಮಿಸಬಲ್ಲೆ. ಹಸಿರು ಫ್ಯೂಸು ಹಾಕಿದವರನ್ನು ಆಗಲ್ಲ. ಫ್ಯೂಸು ಇರೋದು ವೈರನ್ನು ಕಾಯೋಕೆ. ಆ ವೈರು, ಆ ಕಪ್ಲರು ಎಷ್ಟು ತಡೆಯುತ್ತೆ ಅಂತ ನೋಡಿ ಕಂಪನಿಯವರು 20 ಅಂತ ಬರೆದಿರುತ್ತಾರೆ. 26 ಆಂಪಿಗೆ 30ರ ಫ್ಯೂಸು ಯಾವತ್ತೂ ಹಾರಲ್ಲ. ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. 13 ಎಳೆಯಬೇಕಾದ ಕಡೆ 26 ಎಳೆದರೆ ಕಪ್ಲರಿನ ಪಿನ್ನಿನಲ್ಲಿ ಹುಟ್ಟುವ ಬಿಸಿ ಅಷ್ಟಾಗುತ್ತೆ. ಬಿಸಿಗೆ ಪಿನ್ನಿನ ಬಿಗಿ ಸಡಿಲವಾಗುತ್ತೆ, ಸಡಿಲವಾದರೆ ಇನ್ನೂ ಬಿಸಿ. ಎರಡೇ ದಿನಕ್ಕೆ ಮೋಟರಿನ ಬಿಳಿ ಕಪ್ಲರ್ ಕಂದಾಗಿ, ಒಂದು ಮೂಲೆ ಕರಗಿ ಇಳಿದಿತ್ತು. ವಾಸನೆ ಬಂದಿದ್ದು ಅಲ್ಲಿಂದ. ಮೇಡಂ ಮೂಗು ಚುರುಕಿಲ್ಲದಿದ್ದರೆ ಮೂರನೇ ದಿನ ಏನಾಗುತ್ತಿತ್ತೋ.

ರಿಪೇರಿಯ ಬಗ್ಗೆ ಹೇಳೋದು ಕಮ್ಮಿ. ಬುಷ್ಷು, ಕಾರ್ಬನ್ ಮಾತ್ರ ಹೋಗಿದ್ದರೆ ಹಾಕಿಸಬಹುದಿತ್ತು, ಕಲಾಸಿಪಾಳ್ಯದಲ್ಲಿ ಇನ್ನೂ ಮಾಡುವವರಿದ್ದಾರೆ. ಕಮ್ಯುಟೇಟರ್ ಸುಟ್ಟಿದ್ದರಿಂದ ಬೇಡ ಅಂದೆ. ಜೆ.ಸಿ. ರೋಡಿಗೆ ಹಳೆಯ ಮೋಟರನ್ನೇ ತೆಗೆದುಕೊಂಡು ಹೋದೆ. ಫ್ಯಾನಿನ ಎತ್ತರ, ತಿರುಗುವ ದಿಕ್ಕು, ಕಪ್ಲರ್ ಮೂರನ್ನೂ ಪಕ್ಕದಲ್ಲಿಟ್ಟು ನೋಡದೆ ಬ್ಲೋವರ್ ಮೋಟರ್ ಕೊಳ್ಳಬಾರದು. ಉಲ್ಟಾ ತಿರುಗುವ ಮೋಟರ್ ಹಾಕಿ ಗಾಳಿ ಬರ್ತಿಲ್ಲ ಅಂತ ಗ್ಯಾಸ್ ತುಂಬಿಸಿಕೊಂಡವರನ್ನು ನೋಡಿದ್ದೇನೆ. ಕರಗಿದ ಕಪ್ಲರ್ ಕತ್ತರಿಸಿ ಹೊಸದು ಕ್ರಿಂಪ್ ಮಾಡಿದೆ, ಅಂದರೆ ವೈರಿಗೆ ಪಿನ್ನು ಒತ್ತಿ ಬಿಗಿದೆ. ತಿರುಚಿ ಟೇಪು ಸುತ್ತುವ ಕೆಲಸ ಇಷ್ಟು ಕರೆಂಟಿನ ವೈರಿಗೆ ಆಗಲ್ಲ. ನೀರಿನ ತೂತು ಬಿಡಿಸಿ, ಗ್ರಿಲ್ ಕೆಳಗೆ ಸೊಳ್ಳೆ ಪರದೆಯಷ್ಟೇ ಸಣ್ಣ ಕಣ್ಣಿನ ಜಾಲರಿ ಅಂಟಿಸಿದೆ. ಕಾರ್ಪೆಟ್ ಒಣಗೋಕೆ ಎರಡು ದಿನ ಬೇಕಾಯಿತು. ಜೂನ್ ಬಿಸಿಲಿನ ಮೇಲೆ ನಂಬಿಕೆ ಇಡುವ ಹಾಗಿಲ್ಲ, ಅಂಗಡಿ ಫ್ಯಾನಿನ ಕೆಳಗೆ ಹರವಿದ್ದೆ.

ಹೊಸ ಮೋಟರ್, ಹಳದಿ ಫ್ಯೂಸು, ನಾಬ್ 4. ಮೊದಲ ನಿಮಿಷ 13.1 ಆಂಪ್. ಅರ್ಧ ಗಂಟೆ ಬಿಟ್ಟು ನೋಡಿದರೆ 12.5. ಮಗ್ ನೀರು ಸುರಿದೆ, ಚಕ್ರದ ಹಿಂದೆ ಧಾರೆಯಾಗಿ ಬಂತು. ಮೇಡಂ ಐದನೇ ಫ್ಯೂಸನ್ನೂ ಕೇಳಿ ತೆಗೆದುಕೊಂಡು ಡಬ್ಬಿಗೆ ಹಾಕಿಕೊಂಡರು. ಹಸಿರುದನ್ನು ಕೊಡಲು ಹೋದರೆ, "ಅದು ನಮ್ಮ ಲೆಕ್ಕಕ್ಕೆ ಸೇರಿದ್ದಲ್ಲ" ಅಂದರು.

ಸೆಪ್ಟೆಂಬರ್‌ನಲ್ಲಿ ಹಿಂದಿನ ಬ್ರೇಕ್ ಲೈಟಿಗೆ ಅಂತ ಬಂದಾಗ ಒಮ್ಮೆ ಕ್ಲ್ಯಾಂಪ್ ಹಾಕಿದೆ. 12.6. ಗ್ರಿಲ್ ಎತ್ತಿದೆ. ಜಾಲರಿಯ ಮೇಲೆ ಒಂದು ಹಿಡಿ ಗುಲ್‌ಮೊಹರ್ ಎಲೆ, ಒಣಗಿದ್ದು. ಕೈಯಲ್ಲೇ ಎತ್ತಿ ಹಾಕಿದೆ.